ಒಂಬತ್ತನೇ ತರಗತಿಯ ಪೋಷಕರಿಗೆ: ಟ್ಯಾಬ್ ಪಾಠ, ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಮತ್ತು ನಿಮ್ಮ ಒಪ್ಪಿಗೆ

ಪ್ರಿಯ ಪೋಷಕರೇ,

ನಮಸ್ಕಾರ. ಮುಂದಿನ ತಿಂಗಳು ಒಂಬತ್ತನೇ ತರಗತಿಯ ವಿಜ್ಞಾನ ಪಾಠದಲ್ಲಿ ಒಂದು ಪ್ರಯೋಗ ಮಾಡುತ್ತಿದ್ದೇವೆ. ಪಾಠದ ವಿಷಯ, ಆಂಟಿಬಯೋಟಿಕ್‌ಗೆ ಬಗ್ಗದ ಬ್ಯಾಕ್ಟೀರಿಯಾ. ಅರ್ಧ ಮಕ್ಕಳು ಇದನ್ನು ಟ್ಯಾಬ್‌ನಲ್ಲಿ ಒಂದು ಆ್ಯಪ್ ಬಳಸಿ ಕಲಿಯುತ್ತಾರೆ. ಉಳಿದ ಅರ್ಧ ಮಕ್ಕಳು ಬಟ್ಟಲು, ಮಣಿ, ಕಾಗದ ಇಟ್ಟುಕೊಂಡು ಕಲಿಯುತ್ತಾರೆ. ಯಾರಿಗೆ ಎಷ್ಟು ಅರ್ಥವಾಯಿತು, ಅರ್ಥವಾದದ್ದು ಎಷ್ಟು ದಿನ ತಲೆಯಲ್ಲಿ ನಿಂತಿತು ಎಂದು ನೋಡುತ್ತೇವೆ. ಇದಕ್ಕೆ ನಿಮ್ಮ ಒಪ್ಪಿಗೆ ಬೇಕು. ಪತ್ರ ಸ್ವಲ್ಪ ಉದ್ದ ಇದೆ. ಆದರೂ ಸಹಿ ಹಾಕುವ ಮೊದಲು ದಯವಿಟ್ಟು ಪೂರ್ತಿ ಓದಿ.

ಮೊದಲು ಭಯದ ಮಾತು ಮುಗಿಸೋಣ. ಶಾಲೆಗೆ ಯಾವ ಬ್ಯಾಕ್ಟೀರಿಯಾವನ್ನೂ ತರುತ್ತಿಲ್ಲ, ಲ್ಯಾಬ್‌ನಲ್ಲಿ ಬೆಳೆಸುವುದೂ ಇಲ್ಲ. ಮಕ್ಕಳು ಮುಟ್ಟುವುದು ಟ್ಯಾಬ್ ಇಲ್ಲವೇ ಮಣಿ, ಅಷ್ಟೇ.

ಈ ವಿಷಯವನ್ನೇ ಏಕೆ ಆರಿಸಿದೆವು? 2019ರಲ್ಲಿ ಜಗತ್ತಿನಾದ್ಯಂತ ಸುಮಾರು 12.7 ಲಕ್ಷ ಸಾವಿಗೆ ಔಷಧಿ ನಾಟದ ಬ್ಯಾಕ್ಟೀರಿಯಾ ಸೋಂಕೇ ನೇರ ಕಾರಣ ಎಂದು ಅಂದಾಜು ಮಾಡಿದ್ದಾರೆ. ಇದೊಂದು ಕಾರಣ. ಇನ್ನೊಂದು, ಈ ವಿಷಯದಲ್ಲಿ ದೊಡ್ಡವರಿಗೇ ತಪ್ಪು ಕಲ್ಪನೆ ಜಾಸ್ತಿ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ 12 ದೇಶಗಳ ಸಮೀಕ್ಷೆ ಪ್ರಕಟಿಸಿತು. ಅದರಲ್ಲಿ ನೂರಕ್ಕೆ 76 ಮಂದಿ ಔಷಧಿಗೆ ಒಗ್ಗಿಹೋಗುವುದು ನಮ್ಮ ದೇಹ ಎಂದುಕೊಂಡಿದ್ದರು. ನಾವೂ ಹಾಗೇ ಮಾತಾಡುತ್ತೇವೆ ಅಲ್ವಾ? 'ಇವನ ಮೈಗೆ ಆ ಮಾತ್ರೆ ಅಭ್ಯಾಸ ಆಗಿಹೋಗಿದೆ, ಈಗ ನಾಟಲ್ಲ' ಅಂತ. ಬದಲಾಗುವುದು ಮೈಯಲ್ಲ, ಮೈಯೊಳಗಿರುವ ಬ್ಯಾಕ್ಟೀರಿಯಾ ಗುಂಪು. ನಿಮ್ಮ ಮನೆಯಲ್ಲಿ ಯಾರೂ ಒಂದೇ ಒಂದು ಮಾತ್ರೆ ನುಂಗದಿದ್ದರೂ, ಬೇರೆಲ್ಲೋ ಹುಟ್ಟಿದ ಬಗ್ಗದ ತಳಿ ನಿಮ್ಮನ್ನು ತಲುಪಬಹುದು. ದೇಹಕ್ಕೆ ಅಭ್ಯಾಸವಾಗುವುದು ಎಂದುಕೊಂಡರೆ ಈ ಅಪಾಯ ಕಾಣಿಸುವುದೇ ಇಲ್ಲ.

ಈಗ ಟ್ಯಾಬ್ ವಿಷಯಕ್ಕೆ ಬರುತ್ತೇನೆ. ಆ್ಯಪ್ ಚೆನ್ನಾಗಿದೆ. ಮಕ್ಕಳಿಗೆ ಇಷ್ಟವಾಗುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಇಷ್ಟವಾಗುವುದು ಬೇರೆ, ಕಲಿಯುವುದು ಬೇರೆ. ಶಾಲೆಗಳಲ್ಲಿ ಕಂಪ್ಯೂಟರ್‌ಗೆಂದು ಭಾರಿ ಹಣ ಸುರಿದ ದೇಶಗಳ ಮಕ್ಕಳು ಓದು, ಗಣಿತ, ವಿಜ್ಞಾನದಲ್ಲಿ ಹೇಳಿಕೊಳ್ಳುವಷ್ಟು ಮುಂದೆ ಬಂದಿಲ್ಲ ಎಂದು ಒಇಸಿಡಿ ಎಂಬ ಅಂತರರಾಷ್ಟ್ರೀಯ ಆರ್ಥಿಕ ಸಹಕಾರ ಸಂಸ್ಥೆ 2015ರಲ್ಲೇ ವರದಿ ಕೊಟ್ಟಿದೆ. ಹಾಗಂತ ಟ್ಯಾಬ್ ದಂಡ ಎಂದು ನಾನು ಹೇಳುತ್ತಿಲ್ಲ. ಯಾವ ಪಾಠಕ್ಕೆ, ಯಾವ ರೀತಿಯಲ್ಲಿ ಬಳಸಿದರೆ ಉಪಯೋಗ ಎಂಬುದನ್ನು ಪರೀಕ್ಷೆ ಮಾಡಿಯೇ ತಿಳಿಯಬೇಕು. ಹೊಸ ಔಷಧಿಯನ್ನು ಹಾಗೆ ಪರೀಕ್ಷಿಸದೆ ಯಾರಿಗೂ ಕೊಡುವುದಿಲ್ಲ. ಮಕ್ಕಳ ಕೈಗೆ ಕೊಡುವ ಆ್ಯಪ್‌ಗೆ ಮಾತ್ರ ಏಕೆ ರಿಯಾಯಿತಿ?

ಔಷಧಿ ಪರೀಕ್ಷೆಯ ಮಾತು ಬಂದದ್ದರಿಂದ ಒಂದು ಹಳೆಯ ಸಂಗತಿ ಹೇಳಲೇಬೇಕು. ನಮ್ಮ ಪ್ರಯೋಗದ ರೂಪುರೇಷೆ ಹುಟ್ಟಿದ್ದೇ ಅಲ್ಲಿಂದ. ಎರಡನೇ ಮಹಾಯುದ್ಧ ಮುಗಿದ ಕಾಲ. ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಎಂಬ ಹೊಸ ಆಂಟಿಬಯೋಟಿಕ್ ಬಂದಿತ್ತು. ಬ್ರಿಟನ್ನಿನಲ್ಲಿ ಎಲ್ಲರಿಗೂ ಕೊಡುವಷ್ಟು ಔಷಧಿ ಇರಲಿಲ್ಲ. ಅಲ್ಲಿನ ವೈದ್ಯಕೀಯ ಸಂಶೋಧನಾ ಮಂಡಳಿ ಯಾವ ರೋಗಿಗೆ ಔಷಧಿ, ಯಾವ ರೋಗಿಗೆ ಬರೀ ಹಾಸಿಗೆ ವಿಶ್ರಾಂತಿ ಎಂಬುದನ್ನು ಮುಚ್ಚಿದ ಲಕೋಟೆಗಳಲ್ಲಿಟ್ಟಿತು. ವೈದ್ಯರು ತಮಗೆ ಬೇಕಾದವರನ್ನು ಆರಿಸುವಂತಿರಲಿಲ್ಲ. ಇದನ್ನು ರೂಪಿಸಿದವರು ಸಂಖ್ಯಾಶಾಸ್ತ್ರಜ್ಞ ಆಸ್ಟಿನ್ ಬ್ರಾಡ್‌ಫೋರ್ಡ್ ಹಿಲ್. 1948ರಲ್ಲಿ ಫಲಿತಾಂಶ ಬಂತು. ಆರು ತಿಂಗಳಲ್ಲಿ ಔಷಧಿ ಸಿಕ್ಕ 55 ಮಂದಿಯಲ್ಲಿ ತೀರಿಹೋದವರು 4. ಔಷಧಿ ಇಲ್ಲದ 52 ಮಂದಿಯಲ್ಲಿ 14. ಇಷ್ಟು ಸಾಕು, ಗೆದ್ದೆವು ಎಂದು ಯಾರಿಗಾದರೂ ಅನಿಸುತ್ತದೆ. ಆದರೆ ಅವರು ಅದೇ ರೋಗಿಗಳ ಬೆನ್ನು ಬಿಡಲಿಲ್ಲ. ಐದು ವರ್ಷ ಆದಮೇಲೆ ಲೆಕ್ಕ ಹಾಕಿದರೆ ಮೊದಲ ಗುಂಪಿನಲ್ಲಿ 32, ಎರಡನೆಯದರಲ್ಲಿ 35 ಮಂದಿ ತೀರಿಹೋಗಿದ್ದರು. ಆರು ತಿಂಗಳಲ್ಲಿ ಕಂಡ ಅಂತರ ಬಹುಪಾಲು ಕರಗಿಹೋಗಿತ್ತು. ಔಷಧಿ ಪಡೆದವರಲ್ಲಿ ಹೆಚ್ಚಿನವರ ಮೈಯಲ್ಲಿ ಸ್ಟ್ರೆಪ್ಟೊಮೈಸಿನ್‌ಗೆ ಬಗ್ಗದ ಕ್ಷಯದ ಬ್ಯಾಕ್ಟೀರಿಯಾ ತಲೆಯೆತ್ತಿತ್ತು. ಆಮೇಲೆ ಇನ್ನೊಂದು ಔಷಧಿಯನ್ನು ಜೊತೆಗೆ ಸೇರಿಸಿ ಕೊಟ್ಟಾಗ ಈ ತೊಂದರೆ ಬಹಳ ಕಡಿಮೆಯಾಯಿತು. ಇವತ್ತಿಗೂ ಕ್ಷಯಕ್ಕೆ ಹಲವು ಔಷಧಿ ಒಟ್ಟಿಗೆ ಕೊಡುವುದು ಇದೇ ಕಾರಣಕ್ಕೆ.

ಇದರಿಂದ ನಾವು ಎರಡು ವಿಷಯ ತೆಗೆದುಕೊಂಡಿದ್ದೇವೆ. ಒಂದು, ಯಾರು ಯಾವ ಗುಂಪಿಗೆ ಎಂಬುದನ್ನು ಚೀಟಿ ನಿರ್ಧರಿಸುತ್ತದೆ. ನಾನಲ್ಲ, ವಿಜ್ಞಾನ ಶಿಕ್ಷಕರಲ್ಲ. 'ಮೇಡಂ, ನಮ್ಮವಳನ್ನು ಟ್ಯಾಬ್ ಗುಂಪಿಗೆ ಹಾಕಿ' ಎಂದು ದಯವಿಟ್ಟು ಫೋನ್ ಮಾಡಬೇಡಿ. ಚುರುಕಾದ ಮಕ್ಕಳೆಲ್ಲ ಒಂದೇ ಕಡೆ ಸೇರಿಬಿಟ್ಟರೆ ಗೆದ್ದದ್ದು ಆ್ಯಪೋ ಮಕ್ಕಳೋ ಗೊತ್ತಾಗುವುದಿಲ್ಲ. ಇಬ್ಬರು ಶಿಕ್ಷಕರು ಅರ್ಧ ಪಾಠವಾದ ಮೇಲೆ ಕೊಠಡಿ ಬದಲಿಸಿಕೊಳ್ಳುತ್ತಾರೆ. ಒಳ್ಳೆಯ ಶಿಕ್ಷಕರ ಫಲ ಆ್ಯಪ್ ಲೆಕ್ಕಕ್ಕೆ ಹೋಗಬಾರದಲ್ಲ! ಎರಡು, ಪಾಠ ಮುಗಿದ ದಿನವೇ ಒಂದು ಪರೀಕ್ಷೆ, ಆರು ವಾರ ಬಿಟ್ಟು ಮತ್ತೊಂದು. ನನಗೆ ಮುಖ್ಯವಾಗಿ ಬೇಕಿರುವುದು ಆ ಎರಡನೆಯದು.

ಏಕೆಂದರೆ ಮೊದಲ ದಿನದ ಅಂಕ ಕಣ್ಣಿಗೆ ಮಣ್ಣೆರಚುತ್ತದೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಇಬ್ಬರು ಮನೋವಿಜ್ಞಾನಿಗಳು ವಿದ್ಯಾರ್ಥಿಗಳಿಗೆ ಒಂದು ಬರಹ ಓದಲು ಕೊಟ್ಟರು. ಕೆಲವರು ಅದನ್ನು ಮತ್ತೊಮ್ಮೆ ಓದಿದರು. ಕೆಲವರು ಪುಸ್ತಕ ಮುಚ್ಚಿ, ನೆನಪಿದ್ದಷ್ಟು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೊಮ್ಮೆ ಓದಿದವರೇ ಮುಂದು. ಒಂದು ವಾರ ಬಿಟ್ಟು ಕೇಳಿದಾಗ ಓದಿದವರಿಗೆ ನೆನಪಿದ್ದದ್ದು ನೂರಕ್ಕೆ 42ರಷ್ಟು, ಬರೆದವರಿಗೆ 56ರಷ್ಟು. ಐದೇ ನಿಮಿಷಕ್ಕೆ ಫಲಿತಾಂಶ ನೋಡಿ ಎದ್ದು ಹೋಗಿದ್ದರೆ ತಪ್ಪು ಪಾಠ ಕಲಿತು ಹೋಗುತ್ತಿದ್ದರು. ಹಾಗಾಗಿ ಆರು ವಾರದ ನಂತರದ ಪರೀಕ್ಷೆಯ ದಿನಾಂಕ ಹೇಳುವುದಿಲ್ಲ. ಮನೆಯಲ್ಲಿ ಓದಿಸಬೇಡಿ. ಮುಖ್ಯ ಶಿಕ್ಷಕಿಯೊಬ್ಬಳು 'ಓದಿಸಬೇಡಿ' ಎಂದು ಬರೆಯುವುದು ಇದೇ ಮೊದಲಿರಬೇಕು.

ಮಣಿ ಗುಂಪಿನ ಮಕ್ಕಳಿಗೆ ಮೋಸವಾಗುತ್ತದೆ ಎಂದು ಕೆಲವರಿಗೆ ಅನಿಸಬಹುದು. ಆಟ ಹೇಗಿದೆ ನೋಡಿ. ಒಂದು ಬಟ್ಟಲಿನಲ್ಲಿ 20 ಮಣಿ. 18 ಬಿಳಿ, 2 ಕೆಂಪು. ಕೆಂಪು ಎಂದರೆ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ. ಒಂದು ಡೋಸ್ ಕೊಟ್ಟರೆ ಅರ್ಧದಷ್ಟು ಬಿಳಿ ಮಣಿ ಹೊರಗೆ. ಕೆಂಪು ಅಲ್ಲಾಡುವುದಿಲ್ಲ. ಈಗ ಬಟ್ಟಲು ಮತ್ತೆ ತುಂಬಬೇಕು. ಮಗು ಕಣ್ಣು ಮುಚ್ಚಿ ಒಂದು ಮಣಿ ಎತ್ತುತ್ತದೆ. ಬಂದ ಮಣಿಯನ್ನು ವಾಪಸ್ ಹಾಕಿ, ಅದೇ ಬಣ್ಣದ್ದು ಇನ್ನೊಂದು ಸೇರಿಸುತ್ತದೆ. 20 ಆಗುವವರೆಗೆ ಹೀಗೇ. ಆಮೇಲೆ ಮತ್ತೊಂದು ಡೋಸ್. ಸಾಮಾನ್ಯವಾಗಿ ನಾಲ್ಕೈದು ಸುತ್ತಿಗೆ ಬಟ್ಟಲಿನಲ್ಲಿ ಕೆಂಪೇ ಜಾಸ್ತಿ. ಒಂದು ಗುಂಪಿಗೆ ಮಾತ್ರ ಕೆಂಪು ಮಣಿಯೇ ಇಲ್ಲದ ಬಟ್ಟಲು ಕೊಡುತ್ತೇವೆ. ಎಷ್ಟು ಸುತ್ತು ಆಡಿದರೂ ಅದು ಬಿಳಿಯಾಗಿಯೇ ಇರುತ್ತದೆ. ಆಗ ಯಾರೋ ಒಬ್ಬರು ಕೇಳುತ್ತಾರೆ: ಹಾಗಾದರೆ ಔಷಧಿ ಕೆಂಪು ಮಣಿಯನ್ನು ಹುಟ್ಟಿಸಲಿಲ್ಲ, ಇದ್ದದ್ದನ್ನೇ ಉಳಿಸಿತು, ಅಲ್ವಾ? ಇಡೀ ಪಾಠ ಇರುವುದು ಆ ಪ್ರಶ್ನೆಯಲ್ಲಿ.

ಆ್ಯಪ್‌ನ ಮೊದಲ ಆವೃತ್ತಿ ಎಡವಿದ್ದೂ ಇಲ್ಲೇ. ಅದರಲ್ಲಿ ಔಷಧಿ ಬಿದ್ದ ಕೂಡಲೇ ಬ್ಯಾಕ್ಟೀರಿಯಾ ಕಣ್ಣು ಕೆಂಪಗೆ ಮಾಡಿಕೊಂಡು, ಕವಚ ತೊಟ್ಟು ನಿಲ್ಲುತ್ತಿತ್ತು. ನೋಡಲು ಮಜಾ. ಆದರೆ ತಪ್ಪು. ಬಗ್ಗದ ಬ್ಯಾಕ್ಟೀರಿಯಾ ಔಷಧಿ ಬೀಳುವ ಮೊದಲೇ ಇರುತ್ತವೆ ಎಂದು ಎಸ್ತರ್ ಮತ್ತು ಜೋಶುವಾ ಲೆಡರ್‌ಬರ್ಗ್ ಎಂಬ ವಿಜ್ಞಾನಿ ದಂಪತಿ 1952ರಲ್ಲೇ ಒಂದು ತುಂಡು ಮಖಮಲ್ ಬಟ್ಟೆಯಿಂದ ತೋರಿಸಿಕೊಟ್ಟಿದ್ದರು. ಬ್ಯಾಕ್ಟೀರಿಯಾ ಬೆಳೆದ ತಟ್ಟೆಯ ಮೇಲೆ ಬಟ್ಟೆ ಒತ್ತಿ, ಅದನ್ನೇ ಔಷಧಿ ಇರುವ ತಟ್ಟೆಗಳ ಮೇಲೆ ಮುದ್ರೆಯಂತೆ ಒತ್ತಿದರು. ಎಲ್ಲ ತಟ್ಟೆಗಳಲ್ಲೂ ಬದುಕುಳಿದವು ಒಂದೇ ಜಾಗದಲ್ಲಿದ್ದವು. ಮೂಲ ತಟ್ಟೆಯ ಅದೇ ಜಾಗಕ್ಕೆ ಹೋಗಿ ನೋಡಿದರೆ, ಔಷಧಿ ತಾಗಿಯೇ ಇಲ್ಲದ ಕಡೆ ಬಗ್ಗದ ಬ್ಯಾಕ್ಟೀರಿಯಾ ಮೊದಲೇ ಕೂತಿದ್ದವು. ಆ್ಯಪ್ ಮಾಡಿದವರಿಗೆ ನಮ್ಮ ಶಿಕ್ಷಕರು ಇದನ್ನು ವಿವರಿಸಿ ಕವಚ ತೆಗೆಸಿದ್ದಾರೆ. ಶಾಲೆಗಳೂ ಆ್ಯಪ್ ಮಾಡುವವರೂ ಒಟ್ಟಿಗೆ ಕೂತರೆ ಸಿಗುವ ಲಾಭ ಇದು.

ಮಣಿಗೆ ಆಗದ ಕೆಲಸವೂ ಒಂದಿದೆ. ಇ. ಕೋಲಿ ಎಂಬ ಬ್ಯಾಕ್ಟೀರಿಯಾ ಅನುಕೂಲ ಸಿಕ್ಕರೆ ಸುಮಾರು 20 ನಿಮಿಷಕ್ಕೊಮ್ಮೆ ಇಬ್ಭಾಗವಾಗುತ್ತದೆ. ಆ ಲೆಕ್ಕದಲ್ಲಿ ಒಂದೇ ಒಂದು, ಎಂಟು ಗಂಟೆಯಲ್ಲಿ ಸುಮಾರು 1.68 ಕೋಟಿ. ಇದನ್ನು ಯಾವ ಬಟ್ಟಲಿನಲ್ಲಿ ತೋರಿಸೋಣ? ಟ್ಯಾಬ್‌ನಲ್ಲಿ ಮಗು ಡೋಸ್ ಏರಿಸಿ ಇಳಿಸಿ ಕ್ಷಣದಲ್ಲಿ ನೋಡಬಹುದು. ಹಾಗಾಗಿ ಯಾವ ಗುಂಪು ಮುಂದೆ ಬರುತ್ತದೆ ಎಂದು ನಾನು ಊಹಿಸಲು ಹೋಗಿಲ್ಲ. ಎರಡನೇ ಪರೀಕ್ಷೆ ಮುಗಿದ ಮೇಲೆ ಗುಂಪುಗಳು ಅದಲುಬದಲು. ಟ್ಯಾಬ್ ಸಿಗದವರಿಗೆ ಟ್ಯಾಬ್, ಮಣಿ ಸಿಗದವರಿಗೆ ಮಣಿ.

ಇನ್ನು ಮಕ್ಕಳ ಮಾಹಿತಿ. ಆ್ಯಪ್‌ಗೆ ಹೆಸರು, ಫೋನ್ ನಂಬರ್ ಕೊಡುವುದಿಲ್ಲ. ಪ್ರತಿ ಮಗುವಿಗೆ ಒಂದು ಸಂಕೇತ ಸಂಖ್ಯೆ ಇರುತ್ತದೆ. ಅದರ ಪಟ್ಟಿ ನನ್ನ ಬೀರುವಿನಲ್ಲಿ ಕಾಗದದ ಮೇಲೆ ಮಾತ್ರ. ಕ್ಯಾಮೆರಾ, ಮೈಕ್, ಲೊಕೇಶನ್ ಮೂರೂ ಬಂದ್. ಟ್ಯಾಬ್‌ಗಳು ಶಾಲೆಯವು, ಮನೆಗೆ ಬರುವುದಿಲ್ಲ. ಈ ಅಂಕಗಳು ಪ್ರಗತಿ ಪತ್ರಕ್ಕೂ ಸೇರುವುದಿಲ್ಲ. ನಮ್ಮದು ಒಂದೇ ಶಾಲೆ, ಮಕ್ಕಳ ಸಂಖ್ಯೆಯೂ ಕಡಿಮೆ. ಬರುವ ಫಲಿತಾಂಶವನ್ನು ಎಲ್ಲ ಶಾಲೆಗಳಿಗೂ ಅನ್ವಯಿಸಲು ಆಗುವುದಿಲ್ಲ. ಆದರೆ ನಮ್ಮಲ್ಲಿ ಟ್ಯಾಬ್‌ಗೆ ಇನ್ನಷ್ಟು ಖರ್ಚು ಮಾಡಬೇಕೋ ಬೇಡವೋ ಎಂದು ತೀರ್ಮಾನಿಸಲು ಸಹಾಯವಾಗುತ್ತದೆ.

ಪಾಠ ಶುರುವಾದ ಮೇಲೆ ಮಕ್ಕಳು ಮನೆಯ ಔಷಧಿ ಡಬ್ಬಿಗೆ ಕೈ ಹಾಕಿ ಪ್ರಶ್ನೆ ಕೇಳಬಹುದು. ಬೈಯಬೇಡಿ. ನೆಗಡಿ, ಫ್ಲೂ ವೈರಸ್‌ನಿಂದ ಬರುತ್ತವೆ, ಅದಕ್ಕೆ ಆಂಟಿಬಯೋಟಿಕ್ ಕೆಲಸ ಮಾಡುವುದಿಲ್ಲ. ಹೋದ ಸಲ ಉಳಿದ ಮಾತ್ರೆಯನ್ನು ಈ ಸಲದ ಜ್ವರಕ್ಕೆ ಸುಮ್ನೆ ನುಂಗಿಸುವುದು ತಪ್ಪು. ಎಷ್ಟು ದಿನ ತೆಗೆದುಕೊಳ್ಳಬೇಕು ಎಂಬ ಬಗ್ಗೆ ಒಂದು ಮಾತು: ಈಗ ಕೆಲವು ಸೋಂಕುಗಳಿಗೆ ವೈದ್ಯರು ಮೊದಲಿಗಿಂತ ಕಡಿಮೆ ದಿನದ ಕೋರ್ಸ್ ಬರೆಯುತ್ತಾರೆ. ಅದು ಅವರ ಲೆಕ್ಕಾಚಾರ. ಹುಷಾರಾಯಿತು ಎಂದು ನಾವೇ ಮಧ್ಯದಲ್ಲಿ ನಿಲ್ಲಿಸುವುದು ಬೇರೆ ಮಾತು. ನಿಲ್ಲಿಸಬೇಕು ಅನಿಸಿದರೆ ಅವರನ್ನೇ ಕೇಳಿ.

ಒಪ್ಪಿಗೆ ಪತ್ರ ಇದರ ಜೊತೆಗಿದೆ. ಅದರಲ್ಲಿ ಎರಡು ಸಹಿಗೆ ಜಾಗವಿದೆ, ಒಂದು ನಿಮ್ಮದು, ಒಂದು ಮಗುವಿನದು. ಮಗುವಿಗೆ ಮನಸ್ಸಿಲ್ಲದಿದ್ದರೆ ನೀವು ಒಪ್ಪಿದ್ದರೂ ನಾವು ಒತ್ತಾಯ ಮಾಡುವುದಿಲ್ಲ. ಸಹಿ ಹಾಕದಿದ್ದರೂ ಮಗು ಎಲ್ಲರ ಜೊತೆ ಪಾಠ ಕಲಿಯುತ್ತದೆ, ಅದರ ಅಂಕಗಳನ್ನು ಮಾತ್ರ ಪ್ರಯೋಗದ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮಧ್ಯದಲ್ಲಿ ಮನಸ್ಸು ಬದಲಾದರೆ ಒಂದು ಸಾಲು ಬರೆದು ಕಳಿಸಿ, ಕಾರಣ ಕೊಡಬೇಕಿಲ್ಲ. ಪತ್ರವನ್ನು ಶುಕ್ರವಾರದೊಳಗೆ ತರಗತಿ ಶಿಕ್ಷಕರಿಗೆ ತಲುಪಿಸಿ. ಶನಿವಾರ ಶಾಲೆ ಬಿಟ್ಟ ಮೇಲೆ ವಿಜ್ಞಾನ ಕೊಠಡಿಯಲ್ಲಿ ಟ್ಯಾಬ್, ಬಟ್ಟಲು ಎರಡನ್ನೂ ಇಟ್ಟಿರುತ್ತೇವೆ. ಬಿಡುವಿದ್ದವರು ಬಂದು ಒಂದೆರಡು ಸುತ್ತು ಆಡಿ ನೋಡಿ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ