ನಗರಸೇವಕರಾಗಲು ನಮ್ಮವರಿಗೇನು ಕೊರತೆ?

ಸಂಪಾದಕರಿಗೆ,

ಪಾಲಿಕೆ ಚುನಾವಣೆಯ ಮಾತು ಬಂದಾಗಲೆಲ್ಲ ನಮ್ಮ ಸಂಘಗಳಲ್ಲಿ ಒಂದೇ ಗೊಣಗಾಟ: ಮುಂಬಯಿಯಲ್ಲಿ ಕನ್ನಡಿಗರನ್ನು ಕೇಳುವವರಿಲ್ಲ. ಕೇಳುವ ಜಾಗಕ್ಕೆ, ಅಂದರೆ ನಗರಸೇವಕರಾಗಿ (ಪಾಲಿಕೆಯ ಸದಸ್ಯರಾಗಿ) ಪಾಲಿಕೆಗೆ, ನಾವು ಯಾವತ್ತಾದರೂ ಹೋಗಿದ್ದೇವಾ? ಲಂಡನ್ನಿನಲ್ಲಿ ಹಾಗೆ ಹೋದ ಒಬ್ಬರ ಕತೆ ಹೇಳುತ್ತೇನೆ. ಸ್ಯಾಮ್ ಕಿಂಗ್ ಅಂತ ಹೆಸರು. ಅವರೂ ಅಂಚೆಯವರು, ನಾನೂ ಅಂಚೆಯವನು. ಹಾಗಾಗಿ ಸ್ವಲ್ಪ ಪಕ್ಷಪಾತ ಇದೆ ಅಂತಲೇ ಇಟ್ಟುಕೊಳ್ಳಿ.

ಕಿಂಗ್ ಹುಟ್ಟಿದ್ದು 1926ರಲ್ಲಿ, ಜಮೈಕಾದ ಒಂದು ಹಳ್ಳಿಯಲ್ಲಿ. ಎರಡನೇ ಮಹಾಯುದ್ಧದ ವೇಳೆ, 1944ರಲ್ಲಿ ಬ್ರಿಟನ್ನಿನ ವಾಯುಪಡೆ ಸೇರಿದರು. ವಿಮಾನ ಹಾರಿಸುವುದಲ್ಲ, ನೆಲದ ಮೇಲೆ ನಿಂತು ಅದನ್ನು ಸರಿಮಾಡುವ ಕೆಲಸ. ಯುದ್ಧ ಮುಗಿಯಿತು, ಊರಿಗೆ ವಾಪಸ್. ಊರಲ್ಲಿ ಕೆಲಸ ಎಲ್ಲಿದೆ? ಮನೆಯವರು ಮೂರು ದನ ಮಾರಿ, ಇಂಗ್ಲೆಂಡಿಗೆ ಹೊರಟಿದ್ದ ‘ವಿಂಡ್‌ರಷ್’ ಹಡಗಿನ ಟಿಕೆಟ್ಟಿಗೆ 28 ಪೌಂಡ್ 10 ಶಿಲ್ಲಿಂಗ್ ಹೊಂದಿಸಿದರು. ಆ ಹಡಗಿನವರು 1948ರ ಜೂನ್ 22ರಂದು ಲಂಡನ್ ಹತ್ತಿರದ ಟಿಲ್ಬರಿ ಬಂದರಿನಲ್ಲಿ ಇಳಿದರು. ದನ ಮಾರಿ, ಒಡವೆ ಅಡವಿಟ್ಟು ಮಗನನ್ನು ಬೊಂಬಾಯಿಗೆ ಕಳಿಸಿದ ಮನೆಗಳು ನಮ್ಮ ಕುಂದಾಪುರದ ಕಡೆ ಕಡಿಮೆಯೇ?

ಆ ಕಾಲದಲ್ಲಿ ಕಪ್ಪು ಜನರಿಗೆ ಬಾಡಿಗೆ ಖೋಲಿ ಸಿಗುವುದೇ ಕಷ್ಟ. ಕಿಂಗ್ 1950ರಲ್ಲಿ ಮನೆಯನ್ನೇ ಕೊಳ್ಳಲು ಹೊರಟರು. ಸಾಲ ಕೇಳಿದರೆ, ನೀವು ಜಮೈಕಾಕ್ಕೆ ಹಿಂದಿರುಗುವುದು ಒಳ್ಳೆಯದು ಅಂತ ಪತ್ರ ಬಂತು. ಯುದ್ಧದಲ್ಲಿ ದುಡಿದವರಿಗೆ ಇಂಥ ಉತ್ತರ! ಆ ಪತ್ರವನ್ನು ಹಿಡಿದುಕೊಂಡು ಅವರು ಸೀದಾ ಮನೆ ಮಾರುವವರ ಹತ್ತಿರ ಹೋದರು. ಆ ಮಾಲೀಕರೇ ಸಾಲ ಕೊಟ್ಟರು. ನನಗೆ ಬಹಳ ಇಷ್ಟವಾದ ಪ್ರಸಂಗ ಇದು.

ಅಷ್ಟಕ್ಕೇ ಅವರು ಬಾಗಿಲು ಹಾಕಿಕೊಂಡು ಕೂರಲಿಲ್ಲ. ಜಮೈಕಾದವರಲ್ಲಿ ನಮ್ಮ ಭಿಶಿಯಂಥದೇ ಒಂದು ಪದ್ಧತಿ ಇತ್ತು. ಎಲ್ಲರೂ ತಪ್ಪದೆ ಹಣ ಹಾಕುವುದು, ಸರದಿಯಂತೆ ಒಬ್ಬೊಬ್ಬರು ಎತ್ತುವುದು. ಕಿಂಗ್ ಅದನ್ನು ನಡೆಸಿ ಎಷ್ಟೋ ಜನ ಮನೆ ಮಾಡಿಕೊಳ್ಳಲು ದಾರಿ ಮಾಡಿದರು. ಹೋರಾಟಗಾರ್ತಿ ಕ್ಲಾಡಿಯಾ ಜೋನ್ಸ್ 1958ರಲ್ಲಿ ವಲಸಿಗರಿಗಾಗಿ ‘ವೆಸ್ಟ್ ಇಂಡಿಯನ್ ಗೆಜೆಟ್’ ಶುರುಮಾಡಿದಾಗ ಪತ್ರಿಕೆ ಹಂಚುವ ಹೊಣೆ ಹೊತ್ತರು. ಇದೆಲ್ಲ ಅಂಚೆ ಕೆಲಸದ ಜೊತೆಗೇ. ಆ ಕೆಲಸದಲ್ಲಿ 34 ವರ್ಷ ಇದ್ದರು.

ಪೋಸ್ಟ್‌ಮ್ಯಾನ್‌ಗೆ ತನ್ನ ಬೀಟ್‌ನಲ್ಲಿ ಯಾರ ಮನೆಗೆ ಮನಿಯಾರ್ಡರ್ ಬರುತ್ತದೆ, ಯಾರ ಮನೆಗೆ ಕೋರ್ಟ್ ನೋಟಿಸ್ ಬರುತ್ತದೆ ಎಲ್ಲ ಗೊತ್ತಿರುತ್ತದೆ. ಪಕ್ಷದ ಕಾರ್ಯಕರ್ತರಿಗೂ ಅಷ್ಟು ಗೊತ್ತಿರುವುದಿಲ್ಲ. ಕಿಂಗ್ 1982ರಲ್ಲಿ ಲೇಬರ್ ಪಕ್ಷದಿಂದ ಲಂಡನ್ನಿನ ಸದರ್ಕ್ ಭಾಗದ ಪಾಲಿಕೆಗೆ ಗೆದ್ದರು. ಮರುವರ್ಷವೇ ಮೇಯರ್, ಅಲ್ಲಿನ ಮೊದಲ ಕಪ್ಪು ಮೇಯರ್. ಕೊಲೆ ಬೆದರಿಕೆಗಳು ಬಂದವು. ಹೆದರಿ ಕೂರಲಿಲ್ಲ. 2016ರಲ್ಲಿ ತೀರಿಕೊಂಡರು.

ಹೊರಗಿನಿಂದ ಬಂದವರಿಗೆ ಇಲ್ಲಿ ಆಗುವುದಿಲ್ಲ ಅನ್ನುವವರಿಗೆ ಜಾರ್ಜ್ ಫರ್ನಾಂಡಿಸ್ ನೆನಪಿರಬೇಕಲ್ವಾ? ಮಂಗಳೂರಿನಿಂದ ಬಂದು ಚೌಪಾಟಿಯ ಬೆಂಚಿನಲ್ಲಿ ಮಲಗಿದವರು, 1961ರಲ್ಲಿ ಬೊಂಬಾಯಿ ಪಾಲಿಕೆಯ ಸದಸ್ಯರಾದರು. 1967ರ ಲೋಕಸಭಾ ಚುನಾವಣೆಯಲ್ಲಿ ಕಾಂಗ್ರೆಸ್ಸಿನ ದೊಡ್ಡ ನಾಯಕ ಸ.ಕಾ. ಪಾಟೀಲರನ್ನು ಸೋಲಿಸಿದ್ದನ್ನು ಎಲ್ಲರೂ ಹೇಳುತ್ತಾರೆ. ಪಾಲಿಕೆಯ ಆ ವರ್ಷಗಳನ್ನು ಯಾರೂ ಹೇಳುವುದಿಲ್ಲ.

ನಮ್ಮವರಲ್ಲೂ ಭಿಶಿ ನಡೆಸುವವರು, ರಾತ್ರಿ ಶಾಲೆಗಳಲ್ಲಿ ಪಾಠ ಮಾಡಿದವರು, ಇಡೀ ಚಾಳಿನ ರೇಷನ್ ಕಾರ್ಡ್ ಮಾಡಿಸಿಕೊಟ್ಟವರು ಇದ್ದಾರೆ. ಅವರನ್ನು ನೀವು ಚುನಾವಣೆಗೆ ನಿಲ್ಲಿ ಅಂತ ಯಾರೂ ಕೇಳುವುದಿಲ್ಲ. ಮಹಾನಗರ ಪಾಲಿಕೆಯ ಕನ್ನಡ ಶಾಲೆಗಳಲ್ಲಿ ಮಕ್ಕಳು ಕರಗುತ್ತಾ ಬಂದರು. ಅದಕ್ಕೆ ನಾವು ಬರೆದ ಮನವಿಗಳು ಬೆಂಗಳೂರಿಗೆ ಹೋದವು. ಶಾಲೆ ನಡೆಸುವುದು ಪಾಲಿಕೆ, ಮನವಿ ಬೆಂಗಳೂರಿಗೆ! 2022ರ ಮಾರ್ಚ್‌ನಲ್ಲಿ ಪಾಲಿಕೆಯ ಅವಧಿ ಮುಗಿದು ಆಡಳಿತಾಧಿಕಾರಿ ಬಂದರು. ಆಮೇಲೆ ವರ್ಷಗಟ್ಟಲೆ ನಗರಸೇವಕರೇ ಇರಲಿಲ್ಲ. ನಮ್ಮ ಎಷ್ಟು ಸಂಘಗಳು ಅದರ ಬಗ್ಗೆ ಒಂದು ಸಾಲು ಬರೆದವು?

ಸಂಘಗಳ ಪದಾಧಿಕಾರಿಗಳಲ್ಲಿ ಒಂದು ವಿನಂತಿ. ಮುಂದಿನ ವಾರ್ಷಿಕೋತ್ಸವಕ್ಕೆ ಬೆಂಗಳೂರಿನ ಮಂತ್ರಿಗಳನ್ನು ಕಾಯುವುದು ಬಿಡಿ. ನಿಮ್ಮ ವಾರ್ಡಿನ ನಗರಸೇವಕರನ್ನು ಕರೆಸಿ ಕೂರಿಸಿ, ಕನ್ನಡ ಶಾಲೆಯ ವಿಚಾರ ಕೇಳಿ. ಉತ್ತರ ಬಂದ ಮೇಲೆ ಶಾಲು ಹೊದಿಸಿದರಾಯಿತು.

ಒಬ್ಬ ನಿವೃತ್ತ ಪೋಸ್ಟ್‌ಮ್ಯಾನ್
ಮಾಟುಂಗಾ, ಮುಂಬಯಿ