ಸಂಜೆ ನಾಲ್ಕೂವರೆಗೆ ಮನೆಯಲ್ಲಿ ಬಿಡುವಾಗಿರುವವರು ಯಾರು?

ಮಾನ್ಯ ಸಂಪಾದಕರೇ,

ಮಕ್ಕಳ ಬೆಳವಣಿಗೆಯಲ್ಲಿ ಪಠ್ಯೇತರ ಚಟುವಟಿಕೆಗಳ ಮಹತ್ವವನ್ನು ಕುರಿತು ತಮ್ಮ ಪುರವಣಿಯಲ್ಲಿ ಪ್ರಕಟವಾದ ಲೇಖನವನ್ನು ಓದಿದೆ. ಈಜು, ಸಂಗೀತ, ಚದುರಂಗ, ಚಿತ್ರಕಲೆಗಳಿಂದ ಮಕ್ಕಳಿಗಾಗುವ ಪ್ರಯೋಜನವನ್ನು ಅದು ವಿವರವಾಗಿಯೇ ಹೇಳಿದೆ, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಮಗುವನ್ನು ಆ ತರಗತಿಯ ಬಾಗಿಲಿಗೆ ತಲುಪಿಸಿ, ಮುಗಿಯುವವರೆಗೆ ಕಾದು, ಮರಳಿ ಕರೆತರುವವರು ಯಾರು, ಆ ಹೊತ್ತಿನಲ್ಲಿ ಅವರು ನಿಜವಾಗಿ ಎಲ್ಲಿ ಇರಬೇಕಾಗಿತ್ತು ಎಂಬ ಮಾತು ಲೇಖನದಲ್ಲಿ ಎಲ್ಲಿಯೂ ಬರಲಿಲ್ಲ. ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಯ ತಾಯಿಯಾಗಿ, ಬಿಟ್ಟುಹೋದ ಆ ಭಾಗವನ್ನು ಬರೆಯಬೇಕೆನಿಸಿತು.

ನನ್ನ ಮಗಳಿಗೆ ಒಂಬತ್ತು ವರ್ಷ. ವಾರದಲ್ಲಿ ಮೂರು ದಿನ, ಸಂಜೆ ನಾಲ್ಕೂವರೆಗೆ ಅವಳ ಈಜು ತರಗತಿ ಆರಂಭವಾಗುತ್ತದೆ. ನನ್ನ ಕಚೇರಿ ಮುಗಿಯುವುದು ಆರು ಗಂಟೆಗೆ, ನನ್ನ ಪತಿಯದು ಅದಕ್ಕೂ ತಡವಾಗಿ. ನಾಲ್ಕೂವರೆ ಎಂಬ ಈ ವೇಳೆಯನ್ನು ಗೊತ್ತುಮಾಡಿದವರ ಮನಸ್ಸಿನಲ್ಲಿ, ಪ್ರತಿ ಮನೆಯಲ್ಲೂ ಮಧ್ಯಾಹ್ನದ ನಂತರ ಬಿಡುವಾಗಿರುವ ಹಿರಿಯರೊಬ್ಬರು ಇದ್ದೇ ಇರುತ್ತಾರೆ ಎಂಬ ಎಣಿಕೆ ಇರಬೇಕು. ಹಿಂದೆ ಹಲವು ಮನೆಗಳಲ್ಲಿ ಅಂಥವರು ಇದ್ದರು, ಇಂದು ಅವರೂ ದುಡಿಯಲು ಹೋಗುತ್ತಿದ್ದಾರೆ. ತರಗತಿಗಳ ವೇಳಾಪಟ್ಟಿ ಮಾತ್ರ ಹಳೆಯ ಮನೆಯನ್ನೇ ನೆಚ್ಚಿಕೊಂಡು ಕುಳಿತಿದೆ.

ಒಮ್ಮೆ ಕುತೂಹಲಕ್ಕೆ ಲೆಕ್ಕ ಹಾಕಿದೆ. ತರಗತಿ ಒಂದು ಗಂಟೆ, ಹೋಗಲು ಅರ್ಧ ಗಂಟೆ, ಬರಲು ಅರ್ಧ ಗಂಟೆ, ಅಂದರೆ ದಿನಕ್ಕೆ ಎರಡು ಗಂಟೆಯಂತೆ ವಾರಕ್ಕೆ ಆರು ಗಂಟೆ. ರಜೆಯ ವಾರಗಳನ್ನು ಕಳೆದು ವರ್ಷಕ್ಕೆ 48 ವಾರ ಎಂದಿಟ್ಟುಕೊಂಡರೂ 288 ಗಂಟೆಯಾಗುತ್ತದೆ. ಎಂಟು ಗಂಟೆಯ ಕೆಲಸದ ದಿನಗಳಾಗಿ ಭಾಗಿಸಿದರೆ 36 ದಿನ! ಇದು ಒಂದೇ ಮಗುವಿನ, ಒಂದೇ ಚಟುವಟಿಕೆಯ ಲೆಕ್ಕ. ದಿನಕ್ಕೆ ಎಂಟು ಗಂಟೆಯ ದುಡಿಮೆ ಎಂಬ ಮಿತಿಯನ್ನು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1919ರಲ್ಲಿ ತನ್ನ ಮೊಟ್ಟಮೊದಲ ಒಡಂಬಡಿಕೆಯಲ್ಲಿಯೇ ಸೇರಿಸಿತು. ಎಂಟು ಗಂಟೆ ದುಡಿಮೆ, ಎಂಟು ಗಂಟೆ ನಿದ್ದೆ, ಉಳಿದ ಎಂಟು ಗಂಟೆ ನಮ್ಮದು ಎಂಬುದು ಅದಕ್ಕಾಗಿ ಹೋರಾಡಿದವರ ಬೇಡಿಕೆಯಾಗಿತ್ತು. ಆ ಮೂರನೆಯ ಎಂಟು ಗಂಟೆಯೊಳಗಿನಿಂದಲೇ ಈ ಸಮಯವನ್ನು ಕೊಡಲು ಸಾಧ್ಯವಾಗಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಸಂಜೆ ನಾಲ್ಕೂವರೆ ಎಂಬ ವೇಳೆ ದುಡಿಮೆಯ ಎಂಟರೊಳಗೆ ಬೀಳುತ್ತದೆ, ಅಲ್ಲಿಂದ ಕಿತ್ತುಕೊಂಡದ್ದನ್ನು ರಾತ್ರಿ ನಿದ್ದೆಯ ಎಂಟರಿಂದ ತುಂಬಿಕೊಡಬೇಕಾಗುತ್ತದೆ.

ಮೊದಲು ಹೋಗುವುದು ರಜೆ. ಕಾಯಿಲೆಗೆಂದು ಉಳಿಸಿಕೊಂಡ ರಜೆಗಳು ಅರ್ಧರ್ಧ ದಿನವಾಗಿ ಸ್ಪರ್ಧೆ, ಪ್ರದರ್ಶನ, ಬಹುಮಾನ ವಿತರಣೆಗಳಲ್ಲಿ ಕರಗುತ್ತವೆ. ಆಮೇಲೆ ಜ್ವರ ಬಂದರೆ ಮಾತ್ರೆ ನುಂಗಿ ಕೆಲಸಕ್ಕೆ ಹೋಗುತ್ತೇವೆ. ಅನಂತರ ಹೋಗುವುದು ಕೆಲಸದಲ್ಲಿನ ಅವಕಾಶ. ಸಂಜೆ ಐದರ ಸಭೆಗಳಲ್ಲಿ ಸತತವಾಗಿ ಇಲ್ಲದವರಿಗೆ ಹೊಣೆಯ ಕೆಲಸಗಳು ಬರುವುದಿಲ್ಲ, ಅವು ಬಾರದವರ ಹೆಸರು ಬಡ್ತಿಯ ಪಟ್ಟಿಗೂ ಬರುವುದಿಲ್ಲ. ಇದನ್ನು ಯಾರೂ ಶಿಕ್ಷೆ ಎಂದು ಕರೆಯುವುದಿಲ್ಲವಾದ್ದರಿಂದ ದೂರು ಕೊಡುವ ದಾರಿಯೂ ಇಲ್ಲ. ಪಾಳಿಯಲ್ಲಿ ದುಡಿಯುವವರ, ದಿನಗೂಲಿಯವರ ಪಾಡಂತೂ ಬೇರೆಯೇ. ಬಿಟ್ಟುಬಂದ ಪ್ರತಿ ಗಂಟೆಗೂ ಅವರ ಸಂಬಳ ಅಲ್ಲಿಯೇ ಕಡಿತವಾಗುತ್ತದೆ, ಹಾಗಾಗಿ ಅವರ ಮಕ್ಕಳು ಬಹುಪಾಲು ಇಂಥ ತರಗತಿಗಳಲ್ಲಿ ಕಾಣಿಸುವುದೇ ಇಲ್ಲ. ನನ್ನ ದೂರು ಸ್ವಲ್ಪ ಅನುಕೂಲವಿರುವವರ ದೂರು ಎಂಬುದನ್ನು ಒಪ್ಪಿಕೊಂಡೇ ಬರೆಯುತ್ತಿದ್ದೇನೆ.

ಇನ್ನೊಂದು ಮಾತನ್ನು ಮರೆಮಾಚುವುದು ಸರಿಯಲ್ಲ. ಈ ತ್ಯಾಗ ತಂದೆ ತಾಯಿಯರ ನಡುವೆ ಸಮನಾಗಿ ಹಂಚಿಕೆಯಾಗಿಲ್ಲ. ತರಬೇತುದಾರರ ಬಳಿ ಇಬ್ಬರ ದೂರವಾಣಿ ಸಂಖ್ಯೆಯೂ ಇದೆ, ಆದರೆ ಕರೆ ಬರುವುದು ನನಗೆ. ಈಜುಡುಗೆ ಚಿಕ್ಕದಾಯಿತೇ, ಕನ್ನಡಕದ ಪಟ್ಟಿ ಹರಿಯಿತೇ, ನಾಳೆ ತರಗತಿ ಇದೆಯೇ ಇಲ್ಲವೇ ಎಂಬ ನೂರು ಸಣ್ಣ ವಿಷಯಗಳನ್ನು ತಲೆಯಲ್ಲಿ ಇಟ್ಟುಕೊಂಡು ತಿರುಗುವ ಕೆಲಸಕ್ಕೆ ಯಾವ ವೇಳಾಪಟ್ಟಿಯೂ ಇಲ್ಲ. ಕಳೆದ ತಿಂಗಳು ಅವಳ ಒದ್ದೆ ಟವೆಲ್ಲು ನನ್ನ ಚೀಲದಲ್ಲೇ ಉಳಿದು, ಮರುದಿನ ಬೆಳಿಗ್ಗೆ ಕಚೇರಿಯಲ್ಲಿ ತೆರೆದಾಗ ಮೇಲಧಿಕಾರಿಗೆ ಕೊಡಬೇಕಾಗಿದ್ದ ವರದಿಯ ಹಾಳೆಗಳು ಅಂಟಿಕೊಂಡು ಕ್ಲೋರಿನ್ ವಾಸನೆ ಹೊಡೆಯುತ್ತಿದ್ದವು.

ಇವೆಲ್ಲವನ್ನೂ ಮಗುವಿಗಾಗಿ ಎಂದು ಸಹಿಸಿಕೊಳ್ಳಬಹುದು. ನನ್ನನ್ನು ನಿಜವಾಗಿ ಕಲಕಿದ್ದು ಬೇರೊಂದು ಸಂಗತಿ. ಒಂದು ಸಂಜೆ ಕೊಳದ ಪಕ್ಕದ ಬೆಂಚಿನ ಮೇಲೆ ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಒಂದು ಕಿವಿಯಲ್ಲಿ ಕಚೇರಿಯ ಸಭೆಯನ್ನು ಕೇಳುತ್ತಾ ಕುಳಿತಿದ್ದೆ. ಮಗಳು ನೀರಿನಿಂದ ಓಡೋಡಿ ಬಂದು, “ಅಮ್ಮಾ, ನಾನು ಮೊದಲು ಮುಟ್ಟಿದ್ದನ್ನ ನೋಡಿದ್ಯಾ?” ಎಂದಳು. ನೋಡಿದೆ ಎಂದೆ. ಅವಳಿಗೆ ಅನುಮಾನ ಬಂದಿರಬೇಕು, “ಹಾಗಾದ್ರೆ ಯಾವ ಕೈಯಲ್ಲಿ ಗೋಡೆ ಮುಟ್ಟಿದೆ ಹೇಳು” ಎಂದಳು. ಬಲಗೈ ಎಂದೆ. “ಬ್ರೆಸ್ಟ್‌ಸ್ಟ್ರೋಕಲ್ಲಿ ಎರಡೂ ಕೈ ಒಟ್ಟಿಗೇ ಮುಟ್ಟಬೇಕು, ಇಲ್ಲದಿದ್ರೆ ಔಟ್” ಎಂದಷ್ಟೇ ಹೇಳಿ ಮತ್ತೆ ನೀರಿಗಿಳಿದಳು. ಅವಳ ದನಿಯಲ್ಲಿ ಕೋಪವಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. ಅವಳಿಗಾಗಿ ರಜೆ, ನಿದ್ದೆ, ಬಡ್ತಿ ಎಲ್ಲವನ್ನೂ ಬಿಟ್ಟುಕೊಟ್ಟು ಅಲ್ಲಿಗೆ ಹೋಗಿ ಕುಳಿತವಳಿಗೆ ಅವಳನ್ನು ನೋಡುವುದಕ್ಕೇ ಪುರಸೊತ್ತಿರಲಿಲ್ಲ.

ತಪ್ಪೆಲ್ಲವೂ ಹೊರಗಿನದಲ್ಲ. ಪರಿಚಿತರ ಮಕ್ಕಳು ಸೇರಿದರು ಎಂಬ ಕಾರಣಕ್ಕೆ ಕಳೆದ ವರ್ಷ ಅವಳನ್ನು ಚದುರಂಗದ ತರಗತಿಗೂ ಸೇರಿಸಿದ್ದೆವು. ಅವಳು ಕೇಳಿರಲಿಲ್ಲ. ಮೂರು ತಿಂಗಳ ನಂತರ, ಹೋಮ್‌ವರ್ಕ್ ಪುಸ್ತಕದ ಮೇಲೆ ತಲೆಯಿಟ್ಟು ನಿದ್ದೆಹೋಗುವುದು ವಾಡಿಕೆಯಾದಾಗ ಬಿಡಿಸಿದೆವು. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆಯ ನಿದ್ದೆ ಬೇಕು ಎಂದು ಅಮೆರಿಕದ ನಿದ್ರಾ ವೈದ್ಯರ ಅಕಾಡೆಮಿ 2016ರಲ್ಲಿಯೇ ಶಿಫಾರಸು ಮಾಡಿದೆ. ಎರಡೆರಡು ತರಗತಿ ಮುಗಿಸಿ, ಊಟ ಮಾಡಿ, ಪಾಠ ಬರೆದು ಮಲಗುವ ಮಗುವಿಗೆ ಒಂಬತ್ತು ಗಂಟೆ ಎಲ್ಲಿಂದ ಬರಬೇಕು? ವಿಶ್ವಸಂಸ್ಥೆ 1989ರಲ್ಲಿ ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೆಯ ವಿಧಿಯನ್ನು ಪಠ್ಯೇತರ ಚಟುವಟಿಕೆಗಳ ಪರವಾಗಿ ಉಲ್ಲೇಖಿಸುವವರಿದ್ದಾರೆ. ಆ ವಿಧಿಯಲ್ಲಿ ಮೊದಲು ಬರುವುದು ವಿಶ್ರಾಂತಿ ಮತ್ತು ಬಿಡುವು, ಆಟ ಮತ್ತು ಕಲೆ ಬರುವುದು ಅವುಗಳ ನಂತರ ಎಂಬುದನ್ನು ಗಮನಿಸಬೇಕು.

ಅದೇ ಒಡಂಬಡಿಕೆಯ 18ನೆಯ ವಿಧಿ, ದುಡಿಯುವ ತಂದೆ ತಾಯಿಯರ ಮಕ್ಕಳಿಗೆ ಪಾಲನಾ ಸೌಲಭ್ಯಗಳು ದೊರೆಯುವಂತೆ ನೋಡಿಕೊಳ್ಳುವ ಹೊಣೆಯನ್ನು ಸರ್ಕಾರಗಳ ಮೇಲೆ ಹೊರಿಸುತ್ತದೆ. ಕುಟುಂಬದ ಹೊಣೆಯಿರುವ ಕಾರ್ಮಿಕರು ತಾರತಮ್ಯಕ್ಕೆ ಗುರಿಯಾಗದೆ ದುಡಿಯುವಂತಾಗಬೇಕು ಎನ್ನುವ, ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 156ನೆಯ ಒಡಂಬಡಿಕೆ 1981ರದು. ಕಾಗದದ ಮೇಲೆ ಇಷ್ಟೆಲ್ಲ ಇರುವಾಗ, ನಾನು ಕೇಳುವುದು ಅಂಥ ದೊಡ್ಡದೇನಲ್ಲ. ಶಾಲೆಯ ಅಂಗಳ, ಸಭಾಂಗಣ, ಸಂಗೀತದ ಕೋಣೆಗಳು ಕೊನೆಯ ಗಂಟೆ ಹೊಡೆದ ಮೇಲೆ ಬೀಗ ಹಾಕಿಕೊಂಡು ಬಿದ್ದಿರುತ್ತವೆ. ಹೊರಗೆ ನಡೆಯುವ ತರಗತಿಗಳಲ್ಲಿ ಕೆಲವನ್ನಾದರೂ ಅಲ್ಲಿಯೇ ನಡೆಸಿ ಮಕ್ಕಳನ್ನು ಆರು ಗಂಟೆಗೆ ಮನೆಗೆ ಕಳುಹಿಸಿದರೆ, ನಡುವಿನ ಸಾಗಾಟವೇ ತಪ್ಪುತ್ತದೆ. ಸ್ಪರ್ಧೆಯ ದಿನಾಂಕವನ್ನು ಎರಡು ದಿನ ಮೊದಲು ರಾತ್ರಿ ಹತ್ತಕ್ಕೆ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕುವ ಬದಲು ಒಂದು ತಿಂಗಳು ಮೊದಲೇ ತಿಳಿಸಬಹುದು. ಕಚೇರಿಗಳೂ ಅಷ್ಟೇ: ಬೆಳಿಗ್ಗೆ ಬೇಗ ಬಂದು ಸಂಜೆ ಬೇಗ ಹೋಗುವವರನ್ನು ಅರೆಮನಸ್ಸಿನ ನೌಕರರಂತೆ ಕಾಣದೆ, ಮುಗಿಸಿದ ಕೆಲಸವನ್ನು ನೋಡಿ ಅಳೆಯಬಹುದು.

ಎರಡು ತಿಂಗಳ ಹಿಂದೆ, ಮೂರರಲ್ಲಿ ಒಂದು ದಿನದ ತರಗತಿಯನ್ನಾದರೂ ಆರೂವರೆಗೆ ಬದಲಾಯಿಸಬಹುದೇ ಎಂದು ಈಜುಕೊಳದವರನ್ನು ಕೇಳಿದ್ದೆ. ಬೇರೆ ಯಾವ ಪೋಷಕರಿಗೂ ಈ ವೇಳೆಯಿಂದ ತೊಂದರೆಯಿಲ್ಲ ಎಂಬ ಉತ್ತರ ಬಂತು. ಆ ಬೇರೆ ಪೋಷಕರು ಅದೇ ಬೆಂಚಿನ ಮೇಲೆ, ಅವರವರ ಫೋನಿನಲ್ಲಿ ದನಿ ತಗ್ಗಿಸಿ ಕಚೇರಿಗೆ ಸಬೂಬು ಹೇಳುತ್ತಾ ಕುಳಿತಿರುತ್ತಾರೆ. ಕಳೆದ ವಾರ ಒಬ್ಬೊಬ್ಬರನ್ನಾಗಿ ಮಾತನಾಡಿಸಿದೆ. ಹನ್ನೊಂದು ಜನರಲ್ಲಿ ಒಂಬತ್ತು ಜನ ಮನವಿಗೆ ಸಹಿ ಹಾಕಿದರು, ಅವರಲ್ಲಿ ಇಬ್ಬರು ತಂದೆಯರು. ಸೋಮವಾರ ಮನವಿಯನ್ನು ಕೊಟ್ಟಿದ್ದೇವೆ, ಉತ್ತರಕ್ಕಾಗಿ ಕಾಯುತ್ತಿದ್ದೇವೆ.

ಇಂತಿ,
ಉದ್ಯೋಗಸ್ಥ ತಾಯಿಯೊಬ್ಬಳು