ಟ್ರಂಕಿಗೆ ಹಾಕಬೇಡ ಅವ್ವಾ

ಎಡಿನ್‌ಬರ್ಗ್
ಡಿಸೆಂಬರ್

ಅವ್ವ, ಅಪ್ಪ, ಆಯಿಗೆ ಶರಣು ಶರಣಾರ್ಥಿ.

ಈ ಪತ್ರವನ್ನು ಡಬ್ಬಿಯಲ್ಲಿ ಎಲ್ಲಕ್ಕಿಂತ ಮೇಲೆ ಇಟ್ಟಿದ್ದೇನೆ. ಮೊದಲು ಇದನ್ನು ಓದಿ, ಆಮೇಲೆ ಕೆಳಗಿನದನ್ನು ತೆಗೆಯಿರಿ. ಅಣ್ಣ ಮನೆಯಲ್ಲಿದ್ದರೆ ಅವನೇ ಜೋರಾಗಿ ಓದಲಿ, ಆಯಿಗೆ ಕೇಳಿಸಬೇಕು.

ಒಳಗಿರುವುದೆಲ್ಲ ನಾನೇ ಹೆಣೆದದ್ದು, ಅಂಗಡಿಯದ್ದಲ್ಲ. ಅವ್ವಾ, ನಿನಗೆ ಮೊದಲೇ ಹೇಳಿಬಿಡುತ್ತೇನೆ, ಇದನ್ನು ಟ್ರಂಕಿಗೆ ಹಾಕಬೇಡ. ವೈನಿ ತವರಿನಿಂದ ತಂದುಕೊಟ್ಟ ಶಾಲು ಇನ್ನೂ ಪ್ಲಾಸ್ಟಿಕ್ ಚೀಲದಲ್ಲೇ ಇದೆ, ಡಾಂಬರ ಗುಳಿಗೆ ವಾಸನೆ ಹೊಡೀತಾ. ಕೇಳಿದರೆ ‘ಛಲೋದು ಐತಿ, ಹಾಳಾಗ್ತೈತಿ’ ಅಂತೀಯ. ನಾನು ಇವನ್ನು ಹಾಳಾಗಲಿ ಅಂತಲೇ ಕಳಿಸಿದ್ದೇನೆ. ಹರಿದರೆ ಇನ್ನೊಂದು ಹೆಣೆಯುತ್ತೇನೆ, ಇಲ್ಲಿ ಚಳಿಗಾಲಕ್ಕೇನು ಬರವಿಲ್ಲ.

ಈಗ ಇಲ್ಲಿ ಸೂರ್ಯ ಹುಟ್ಟುವಾಗ ಬೆಳಗ್ಗೆ ಎಂಟೂವರೆ ದಾಟಿರುತ್ತದೆ. ಮಧ್ಯಾಹ್ನ ಮೂರೂಮುಕ್ಕಾಲು ಆಗುವಷ್ಟರಲ್ಲಿ ಮುಳುಗಿಬಿಡುತ್ತಾನೆ. ಕತ್ತಲಲ್ಲಿ ಕೆಲಸಕ್ಕೆ ಹೋಗಿ ಕತ್ತಲಲ್ಲಿ ಬರುತ್ತೇನೆ. ಬಂದ ಕೂಡಲೇ ಹೀಟರ್ ಹಾಕಿ, ಶುಂಠಿ ಜಜ್ಜಿ ಚಹಾ ಕಾಸಿ, ಆಯಿಯ ಕೌದಿ ಹೊದ್ದು ಕೂರುತ್ತೇನೆ. ಇಲ್ಲಿನವರ ಹೊದಿಕೆಯೊಳಗೆ ಹಕ್ಕಿಯ ಪುಕ್ಕ ತುಂಬಿರುತ್ತಾರೆ. ಬೆಚ್ಚಗೇನೋ ಇರುತ್ತದೆ, ಆದರೆ ಮೈಮೇಲೆ ಏನೋ ಇದೆ ಅಂತಲೇ ಅನ್ನಿಸುವುದಿಲ್ಲ. ನನಗೆ ಭಾರ ಬೇಕು. ಆಯಿ, ನೀನು ಮೂಲೆಗೆ ಹಚ್ಚಿದ ತ್ರಿಕೋನದ ತುಂಡು ಅವ್ವನ ಹಳೆ ಹಸಿರು ಸೀರೆಯದ್ದಲ್ವಾ? ಅದರ ದಡಿ ಇನ್ನೂ ಬಣ್ಣ ಬಿಟ್ಟಿಲ್ಲ. ತೊಳೆದರೆ ಒಣಗಿಸುವುದೇ ದೊಡ್ಡ ಪಂಚಾಯಿತಿ, ಅಷ್ಟು ಬಿಸಿಲು ಇಲ್ಲಿ ಎಲ್ಲಿಂದ ತರುವುದು?

ಭಾನುವಾರ ರೊಟ್ಟಿ ಮಾಡುತ್ತೇನೆ. ಇಂಡಿಯನ್ ಅಂಗಡಿಯಲ್ಲಿ ಜೋಳದ ಹಿಟ್ಟು ಸಿಗುತ್ತದೆ, ಆದರೆ ಹಳೆಯದು, ಜಿಗಿ ಇರುವುದಿಲ್ಲ. ಕುದಿಯುವ ನೀರು ಹಾಕಿ ನಾದಿದರೂ ತಟ್ಟುವಾಗ ಅಂಚು ಸೀಳುತ್ತದೆ. ಶೇಂಗಾ ಚಟ್ನಿ, ಮೊಸರು ಇದ್ದರೆ ಸೀಳಿದ ರೊಟ್ಟಿಯೂ ನಡೆಯುತ್ತದೆ.

ಹೆಣಿಗೆ ಕಲಿತದ್ದು ನಮ್ಮ ಓಣಿಯ ಲೈಬ್ರರಿಯಲ್ಲಿ. ಶನಿವಾರ ಒಂದಷ್ಟು ವಯಸ್ಸಾದವರು ಕಡ್ಡಿ, ಉಲ್ಲನ್ ಹಿಡಿದು ಬಂದು ಕೂರುತ್ತಾರೆ, ಮಾತು ಜಾಸ್ತಿ, ಕೆಲಸವೂ ಜಾಸ್ತಿ. ನನಗೆ ಕಲಿಸಿದ ಅಜ್ಜಿ ಶೆಟ್ಲೆಂಡ್ ಕಡೆಯವಳು. ಅದು ಸ್ಕಾಟ್ಲೆಂಡಿನ ಉತ್ತರಕ್ಕಿರುವ ದ್ವೀಪಗಳ ಗುಂಪು. ಅಲ್ಲಿನ ಹೆಂಗಸರು ಸೊಂಟಕ್ಕೆ ಚರ್ಮದ ಪಟ್ಟಿ ಕಟ್ಟುತ್ತಿದ್ದರಂತೆ. ಪಟ್ಟಿಗೆ ಕುದುರೆ ಕೂದಲು ತುಂಬಿದ ದಿಂಬು, ಅದರ ತುಂಬ ತೂತು. ಒಂದು ಕಡ್ಡಿಯನ್ನು ಆ ತೂತಿಗೆ ಸಿಕ್ಕಿಸಿ, ಬೆನ್ನ ಮೇಲೆ ಉರುವಲಿನ ಬುಟ್ಟಿ ಹೊತ್ತು, ನಡೆಯುತ್ತಲೇ ಹೆಣೆಯುತ್ತಿದ್ದರು. ಹೆಣೆದದ್ದನ್ನು ಮಾರಿ ಮನೆ ನಡೆಸುತ್ತಿದ್ದರು. ಅವ್ವಾ, ನೀನು ಅಲ್ಲಿ ಹುಟ್ಟಿದ್ದರೆ ಎಲ್ಲರನ್ನೂ ಹಿಂದೆ ಹಾಕುತ್ತಿದ್ದೆ.

ಅಪ್ಪಾ, ವಿಡಿಯೋ ಕಾಲ್‌ನಲ್ಲಿ ನೀವು ‘ಇದರಾಗ ಹಾಸು ಎಲ್ಲೈತಿ, ಹೊಕ್ಕು ಎಲ್ಲೈತಿ?’ ಅಂದಿರಿ. ಅಷ್ಟರಲ್ಲಿ ನೆಟ್‌ವರ್ಕ್ ಹೋಯಿತು. ಉದ್ದದ ಎಳೆ ಹಾಸೂ ಇಲ್ಲ, ಅಡ್ಡದ ಎಳೆ ಹೊಕ್ಕೂ ಇಲ್ಲ ಅಪ್ಪಾ. ಇರುವುದು ಒಂದೇ ದಾರ. ಒಂದು ಕುಣಿಕೆಯೊಳಗಿಂದ ಇನ್ನೊಂದು ಕುಣಿಕೆ ಎಳೆಯುವುದು, ಸೀದಾ ಒಮ್ಮೆ, ಉಲ್ಟಾ ಒಮ್ಮೆ, ಅಷ್ಟೇ. ನೀವು ಸೀರೆಯ ಒಡಲಿನ ಎಳೆಗೆ ಸೆರಗಿನ ರೇಷ್ಮೆ ಎಳೆ ಸೇರಿಸುವಾಗ ಕೊಂಡಿ ಹಾಕುತ್ತೀರಲ್ಲ, ಅದನ್ನೇ ಬಟ್ಟೆ ಪೂರ್ತಿ ಮಾಡಿದ ಹಾಗೆ. ಅದಕ್ಕೇ ಇದು ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಕುಗ್ಗುತ್ತದೆ. ಮಗ್ಗದ ಬಟ್ಟೆ ಹಾಗೆ ಮಾಡಲ್ಲ. ಆದರೆ ಮಗ್ಗದಲ್ಲಿ ಎಳೆ ಕಡಿದರೆ ಗಂಟು ಹಾಕಿ ಮುಂದೆ ಹೋಗಬಹುದು. ಇಲ್ಲಿ ಒಂದು ಕುಣಿಕೆ ಕಡ್ಡಿಯಿಂದ ಜಾರಿದರೆ ಕೆಳಗಿನ ಸಾಲುಗಳೂ ಒಂದೊಂದಾಗಿ ಬಿಚ್ಚಿಕೊಳ್ಳುತ್ತಾ ಹೋಗುತ್ತವೆ. ಕೊಕ್ಕೆ ಕಡ್ಡಿ ಹಾಕಿ ಮತ್ತೆ ಮೇಲಕ್ಕೆ ಹತ್ತಿಸಬೇಕು.

ನಿಮಗೆ ಮಫ್ಲರ್ ಮಾಡೋಣ ಅಂದುಕೊಂಡಿದ್ದೆ. ಆಮೇಲೆ ಬೇಡ ಅನ್ನಿಸಿತು. ಬಗ್ಗಿ ಲಾಳಿ ಎಸೆಯುವಾಗ ಮಫ್ಲರ್‌ನ ತುದಿ ಹಾಸಿನ ಮೇಲೆ ಬೀಳುತ್ತದೆ. ಅದಕ್ಕೇ ಕಿವಿ ಮುಚ್ಚುವ ಟೋಪಿ. ಕೆಂಪಿನ ಮೇಲೆ ಬಿಳಿ, ನಮ್ಮ ಇಳಕಲ್ ಸೆರಗಿನ ತೆನೆ. ಶೆಟ್ಲೆಂಡಿನ ಫೇರ್ ಐಲ್ ಅನ್ನುವ ದ್ವೀಪದವರ ರೀತಿಯಲ್ಲಿ ಹೆಣೆದಿದ್ದೇನೆ. ಒಂದು ಸಾಲಿಗೆ ಎರಡೇ ಬಣ್ಣ, ಬೇಡದ ದಾರ ಹಿಂದೆ ಸಡಿಲವಾಗಿ ಓಡುತ್ತಿರಬೇಕು. ಟೋಪಿ ತಿರುವಿ ನೋಡಿ, ತಪ್ಪು ಹುಡುಕದೆ ನೀವು ಬಿಡಲ್ಲ ಅಂತ ಗೊತ್ತು. ಕೆಂಪು ಟೋಪಿ ಹಾಕಿಕೊಂಡು ಬಜಾರಕ್ಕೆ ಹೋಗಬೇಡಿ, ಬೆಳಗ್ಗೆ ಕುಣಿಮಗ್ಗದಲ್ಲಿ ಕೂತಾಗ ಯಾರು ನೋಡ್ತಾರೆ?

ಅವ್ವನಿಗೆ ತೋಳಿಲ್ಲದ ಸ್ವೆಟರ್. ಮುಂದೆ ಗುಂಡಿ ಇದೆ, ಸೆರಗಿಗೆ ತೊಡಕಾಗಲ್ಲ. ಕಂಬಳಿ ಚುಚ್ಚುತ್ತದೆ ಅಂತೀಯಲ್ಲ, ಇದು ಮೆರಿನೋ ಕುರಿಯ ಉಣ್ಣೆ, ಎಳೆ ಬಹಳ ಸಣ್ಣ, ಚುಚ್ಚುವುದಿಲ್ಲ. ಅಕ್ರಿಲಿಕ್ ದಾರ ಅಗ್ಗಕ್ಕೆ ಸಿಗುತ್ತಿತ್ತು, ಬೇಕಂತಲೇ ತರಲಿಲ್ಲ. ನೀನು ನಸುಕಿನಲ್ಲೇ ಎದ್ದು ಒಲೆ ಮುಂದೆ ರೊಟ್ಟಿ ಬಡಿಯುವವಳು. ಅಕ್ರಿಲಿಕ್‌ಗೆ ಕಿಡಿ ತಾಗಿದರೆ ಕರಗಿ ಮೈಗೆ ಅಂಟುತ್ತದೆ. ಉಣ್ಣೆ ಬೇಗ ಹೊತ್ತಿಕೊಳ್ಳುವುದಿಲ್ಲ. ಹಾಗಂತ ಉರಿ ಹತ್ತಿರ ಹೋಗು ಅಂತಲ್ಲ!

ತೊಳೆಯುವುದು ಮಾತ್ರ ನಾನು ಹೇಳಿದ ಹಾಗೆ. ತಣ್ಣೀರಲ್ಲಿ ಅದ್ದು, ಮೆಲ್ಲಗೆ ಒತ್ತು. ಬಂಡೆಗೆ ಬಡಿಯಬೇಡ, ಹಿಂಡಬೇಡ, ಮಷಿನ್‌ಗೂ ಹಾಕಬೇಡ. ಉಣ್ಣೆಯ ಎಳೆಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪೊರೆಗಳಿರುತ್ತವೆ. ಬಿಸಿನೀರಲ್ಲಿ ಉಜ್ಜಿದರೆ ಅವು ಒಂದಕ್ಕೊಂದು ಸಿಕ್ಕಿಹಾಕಿಕೊಂಡು ಸ್ವೆಟರ್ ಗೊಂಬೆಯ ಅಳತೆಗೆ ಬರುತ್ತದೆ. ತಂತಿಗೆ ನೇತುಹಾಕಿದರೆ ಜೋಲುತ್ತದೆ, ನೆರಳಲ್ಲಿ ಟವೆಲ್ ಮೇಲೆ ಹರಡಿ ಒಣಗಿಸು.

ವೈನಿಯ ಕೂಸಿಗೆ ಹೊದಿಕೆ ಇದೆ, ಅದು ಹತ್ತಿಯದು. ತೊಟ್ಟಿಲಿಗೆ ಹಾಕುವ ಹೊತ್ತಿಗೆ ಬಿಸಿಲು ಶುರುವಾಗಿರುತ್ತದೆ, ಉಣ್ಣೆ ಯಾಕೆ? ಜಾಳಿಯ ನಮೂನೆ ಚೆಂದ ಕಾಣುತ್ತಿತ್ತು, ಬಿಟ್ಟೆ. ಕೂಸಿನ ಬೆರಳು ತೂತಿನಲ್ಲಿ ಸಿಕ್ಕಿಕೊಳ್ಳುತ್ತದಂತೆ. ಅಣ್ಣನಿಗೆ ಈ ಸಲ ಏನೂ ಇಲ್ಲ. ಅವನು ಹೋದ ವರ್ಷದ ಟೋಪಿಯನ್ನು ಬಸ್ಸಿನಲ್ಲಿ ಬಿಟ್ಟು ಬಂದಿದ್ದಾನೆ, ವಿಷಯ ನನಗೆ ಗೊತ್ತಾಗಿದೆ.

ಆಯಿಗೆ ಸಾಕ್ಸ್ ಮಾಡಬೇಕು. ಅಳತೆ ಇಲ್ಲದೆ ಆಗಲ್ಲ. ಅವಳ ಪಾದವನ್ನು ಹಾಳೆಯ ಮೇಲೆ ಇಡಿಸಿ ಪೆನ್ಸಿಲ್‌ನಿಂದ ಗೆರೆ ಎಳೆಯಿರಿ. ಬರೀ ಫೋಟೋ ಕಳಿಸಿದರೆ ಉದ್ದ ಗೊತ್ತಾಗಲ್ಲ, ಟೇಪು ಹಿಡಿದು ಉದ್ದವನ್ನೂ ಪಾದದ ಸುತ್ತಳತೆಯನ್ನೂ ಬರೆಯಿರಿ. ಸಾಕ್ಸ್ ಪಾದಕ್ಕಿಂತ ಸ್ವಲ್ಪ ಚಿಕ್ಕದೇ ಇರಬೇಕು, ಇಲ್ಲದಿದ್ದರೆ ಕೆಳಗೆ ಜಾರುತ್ತದೆ. ನಮ್ಮ ಮನೆ ಪಡಸಾಲೆಯ ಗ್ರಾನೈಟ್ ಬೇರೆ ನುಣುಪು, ಸಾಕ್ಸಿನ ಅಡಿಭಾಗಕ್ಕೆ ಚರ್ಮದ ತುಂಡು ಹೊಲಿದೇ ಕಳಿಸುತ್ತೇನೆ. ಅಲ್ಲಿಯತನಕ ಬರಿಗಾಲಲ್ಲೇ ಓಡಾಡಲಿ.

ಡಬ್ಬಿ ತಂದ ಗೆಳತಿ ಸಂಕ್ರಾಂತಿ ಮುಗಿಸಿ ವಾಪಸ್ ಬರುತ್ತಾಳೆ. ಅವಳ ಕೈಯಲ್ಲಿ ತುಪ್ಪ, ಪೇಡೆ ಕೊಡಬೇಡಿ, ಹಾಲಿನ ಪದಾರ್ಥವನ್ನು ಇಲ್ಲಿ ಏರ್‌ಪೋರ್ಟ್‌ನಲ್ಲಿ ಬಿಡುವುದಿಲ್ಲ. ಗುರೆಳ್ಳು ಚಟ್ನಿ ಪುಡಿ ಕೊಡಿ, ಖಾರ ಮುಂದಾಗಿಯೇ ಇರಲಿ. ಆಯಿಯ ಪಾದದ ಹಾಳೆಯನ್ನೂ ಅದರ ಜೊತೆಗೇ ಇಡಿ.

ನಿಮ್ಮ ಮಗಳು